ಅನುಮೋದನೆ

ಸಿದ್ದಮ್ಮನನ್ನು ಆನೆ ತುಳಿದದ್ದು ಬೆಳಗಿನ ಆರು ಗಂಟೆಗೆ, ಬಸದಿಗೆ ಹೋಗುವ ಕಾಲುದಾರಿಯಲ್ಲಿ.

ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವಾಗ ಸಿಗುವ ಒಂದು ಎಸ್ಟೇಟಿನ ಅಂಚಿನಲ್ಲಿ ಆ ಪುಟ್ಟ ಬಸದಿ ಇತ್ತು. ಅಲ್ಲಿ ಪೂಜೆ ಮಾಡಿಕೊಂಡು, ಹಳೆಯ ತಾಳೆಗರಿ ಗ್ರಂಥಗಳನ್ನು ಕಾಗದಕ್ಕೆ ಇಳಿಸುತ್ತಿದ್ದವರು ಧರಣೇಂದ್ರ ಪಂಡಿತರು. ಸಿದ್ದಮ್ಮ ಎಸ್ಟೇಟಿನ ಕೆಲಸಕ್ಕೆ ಹೋಗುವ ಮುಂಚೆ ಬಸದಿ ಗುಡಿಸಿ, ಗರಿಗಳ ಕಟ್ಟು ಬಿಚ್ಚಿ, ಎಣ್ಣೆ ಸವರಿ ಇಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳ ಮಗಳು ಭವ್ಯಾಳಿಗೆ ಪಂಡಿತರು ಐದು ವರ್ಷ ಕೂರಿಸಿಕೊಂಡು ಹಳಗನ್ನಡ, ಪ್ರಾಕೃತ ಕಲಿಸಿದ್ದರು. ಅವರ ಕಣ್ಣು ಮಂಜಾದ ಮೇಲೆ ಅವಳು ಓದುತ್ತಿದ್ದಳು, ಅವರು ಅರ್ಥ ಹೇಳುತ್ತಿದ್ದರು, ಅವಳೇ ಬರೆದುಕೊಳ್ಳುತ್ತಿದ್ದಳು. ಅವರಿಗೆ ಬೇರೆ ಶಿಷ್ಯರಿರಲಿಲ್ಲ.

ತಾಯಿಯ ತಿಥಿ ಮುಗಿದ ಮರುದಿನ ಭವ್ಯಾ ಒಂದು ಅರ್ಜಿ ಹಿಡಿದು ಬಂದಳು.

"ಆನೆ ಹಿಡೀಬೇಕು, ಆಗ್ಲಿಲ್ಲ ಅಂದ್ರೆ ಹೊಡೀಬೇಕು ಅಂತ ಅರಣ್ಯ ಇಲಾಖೆಗೆ ಬರ್ದಿದೀವಿ ಪಂಡಿತ್ರೇ. ಲೈನ್‌ಮನೆಯ ಕೂಲಿಯೋರೆಲ್ಲ ಸಹಿ ಹಾಕಿದಾರೆ. ಅಮ್ಮ ಸತ್ತ ಜಾಗ ಬಸದೀದು, ನಿಮ್ಮ ಸಹಿ ಇದ್ರೆ ಅರ್ಜಿಗೆ ತೂಕ ಬರುತ್ತೆ ಅಂದ್ರು ಎಸ್ಟೇಟ್ ಲೆಕ್ಕ ಬರೆಯೋ ರೈಟರು."

ಪಂಡಿತರು ಕಾಗದವನ್ನು ಮುಟ್ಟಲಿಲ್ಲ. "ನಿಂಗೆ ಗೊತ್ತಲ್ಲ ಮಗ. ಕೊಂದ್ರೂ ಒಂದೇ, ಕೊಲ್ಲಿಸಿದ್ರೂ ಒಂದೇ, ಕೊಲ್ಲೋರಿಗೆ ಹೂಂ ಅಂದ್ರೂ ಒಂದೇ. ನಾವಿಬ್ರೂ ಕೂತು ಓದಿದ್ದಲ್ವಾ?"

"ಓದಿದೀವಿ. ಎಚ್ಚರ ತಪ್ಪಿ ನಡ್ಕೊಂಡ್ರೂ ಹಿಂಸೆನೇ ಅಂತಲೂ ಓದಿದೀವಿ." ಭವ್ಯಾ ಕಾಗದವನ್ನು ಅವರ ಮುಂದೆ ಚಾಚಿದಳು. "ಅಮ್ಮ ಯಾವಾಗ್ಲೂ ಏಳು ಗಂಟೆಗೆ ಬರ್ತಿದ್ಲು. ಮಳೆಗಾಲಕ್ಕೆ ಮುಂಚೆ ಬರೆದು ಮುಗಿಸ್ಬೇಕು, ಬೆಳಕು ಹರಿಯೋ ಹೊತ್ತಿಗೆ ಬಾ ಅಂದೋರು ನೀವು. ರಾತ್ರಿ ಕೂತು ಬರೀಬಹುದಿತ್ತು, ಆದ್ರೆ ಕತ್ತಲಾದ್ಮೇಲೆ ದೀಪ ಹಾಕಿದ್ರೆ ಹುಳ ಸಾಯುತ್ತೆ ಅಂತ ನೀವು ಹಾಕಲ್ಲ. ಹುಳ ಉಳ್ಕೊಂಡ್ವು ಪಂಡಿತ್ರೇ."

ಅವಳು ಅರ್ಜಿಯನ್ನು ಅಲ್ಲೇ ಇಟ್ಟು ಹೊರಟುಹೋದಳು.

ಎರಡು ದಿನ ಪಂಡಿತರು ಅನ್ನ ನೀರು ಮುಟ್ಟಲಿಲ್ಲ. ಮೂರನೆಯ ದಿನ ಕೋಲೂರಿಕೊಂಡು, ಸಿದ್ದಮ್ಮ ಸತ್ತ ದಾರಿಯಲ್ಲೇ ಇಳಿದು ಲೈನ್‌ಮನೆಗೆ ಬಂದರು. ಸಹಿ ಹಾಕಿದ್ದರು. ಅಕ್ಷರಗಳು ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು.

"ಇನ್ನೊಬ್ರು ಆ ದಾರೀಲಿ ಸತ್ರೆ ನನ್ನಿಂದ ತಡ್ಕೊಳ್ಳಕ್ಕಾಗಲ್ಲ," ಎಂದರು. "ಆದ್ರೆ ಇದು ಪಾಪ ಅಲ್ಲ ಅಂತ ಮಾತ್ರ ನಂಗೆ ಹೇಳ್ಬೇಡ."

ತಿಂಗಳೊಳಗೆ ಆನೆ ಹಿಡಿಯುವವರು ಬಂದರು. ಮತ್ತಿನ ಮದ್ದಿನ ಸೂಜಿ ತಗುಲಿದ ಆನೆ ಗಾಬರಿಯಿಂದ ಎಸ್ಟೇಟಿನ ಕೆರೆಗೆ ನುಗ್ಗಿ, ಅಲ್ಲೇ ಕುಸಿದು ಮುಳುಗಿ ಸತ್ತಿತು. ಎಳೆಮರಿ ಇದ್ದ ಹೆಣ್ಣಾನೆ ಅದು. ಮರಿ ಎರಡು ದಿನ ಕೆರೆಯ ಏರಿಯ ಮೇಲೆ ನಿಂತು ಕೂಗಿತು. ಬಸದಿಯವರೆಗೂ ಅದರ ಕೂಗು ಕೇಳುತ್ತಿತ್ತು. ಮೂರನೆಯ ದಿನ ಕೇಳಲಿಲ್ಲ.

ಮುಂದಿನ ವಾರ ಭವ್ಯಾ ಪುಸ್ತಕ ಹಿಡಿದು ಬಸದಿಗೆ ಬಂದಳು. ಪಂಡಿತರು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು.

"ಇನ್ನು ನಾನು ಅರ್ಥ ಹೇಳಲ್ಲ ಮಗ. ಆ ಯೋಗ್ಯತೆ ಹೋಯ್ತು."

"ಸಹಿ ನಾನೂ ಹಾಕಿದೀನಿ. ಹಂಗಾದ್ರೆ ನಾನೂ ಓದಬಾರ್ದಾ?"

ಅವಳೇ ಕಟ್ಟು ಬಿಚ್ಚಿ, ಗರಿಗಳಿಗೆ ಎಣ್ಣೆ ಸವರಿ ಓದತೊಡಗಿದಳು. ನಾಲ್ಕನೆಯ ಸಾಲಿನ ಒಂದು ಮಾತಿನಲ್ಲಿ ತಡವರಿಸಿ ಅವರ ಮುಖ ನೋಡಿದಳು. ಅವರ ತುಟಿ ಅಲುಗಿತು. ಅವರು ಗೋಡೆಯ ಕಡೆ ತಿರುಗಿ ಕೂತರು.

ಆಷಾಢದಲ್ಲಿ ಪಂಡಿತರು ತೀರಿಕೊಂಡರು. ಅಷ್ಟರಲ್ಲಿ ಭವ್ಯಾ ಉಳಿದ ಗರಿಗಳನ್ನೆಲ್ಲ ಕಾಗದಕ್ಕೆ ಇಳಿಸಿದ್ದಳು. ನಲವತ್ತಮೂರು ಕಡೆ ಅಂಚಿನಲ್ಲಿ ಸಣ್ಣಗೆ ಬರೆದಿದ್ದಳು: ಅರ್ಥ ತಿಳಿಯಲಿಲ್ಲ, ಹೇಳುವವರಿಲ್ಲ.