ಕೆಂಪನಂಜನ ಸರದಿ

ನಾನು ಒಂದು ಹಿತ್ತಾಳೆ ಬಟ್ಟಲು. ಬಡಿದು ಬಡಿದು ನನ್ನನ್ನು ಆಕಾರಕ್ಕೆ ತಂದ ದಿನ ಥಳಥಳ ಹೊಳೆಯುತ್ತಿದ್ದೆ; ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಪಾಯಸಕ್ಕೋ ತುಪ್ಪಕ್ಕೋ ಹೋಗುವ ಆಸೆಯಿತ್ತು. ಹೋದದ್ದು ಮೈಸೂರಿನ ಒಂದು ಗರಡಿ ಮನೆಗೆ. ನಲವತ್ತು ವರ್ಷ ಎಳ್ಳೆಣ್ಣೆ ಹೊತ್ತು ಸಾಕಾಯಿತು.

ಅಲ್ಲೊಂದು ಕಟ್ಟಳೆಯಿತ್ತು. ಮಾಲೀಸು ಮಾಡಿಸಿಕೊಂಡವನು ಎದ್ದು, ಮಾಡಿದವನಿಗೂ ಮಾಲೀಸು ಮಾಡಬೇಕು. ಸರದಿ ತೀರಿಸದೆ ಅಂಗಿ ತೊಟ್ಟವನಿಗೆ ಮರ್ಯಾದೆಯಿಲ್ಲ. ಚೆಲುವಯ್ಯ, ಕೆಂಪನಂಜ ಹರೆಯದಿಂದಲೂ ಜೋಡಿ. ಒಬ್ಬರನ್ನೊಬ್ಬರು ಮಣ್ಣುಮುಕ್ಕಿಸಿ, ಆಮೇಲೆ ಒಬ್ಬರ ಮೈ ಒಬ್ಬರು ತಿಕ್ಕುತ್ತಿದ್ದರು. ಚೆಲುವಯ್ಯ ಮುಂದೆ ಅಲ್ಲೇ ಕುಸ್ತಿ ಕಲಿಸುವ ಉಸ್ತಾದನಾದ. ಗರಡಿ ಮುಚ್ಚಿದಾಗ ನನ್ನನ್ನು ಮನೆಗೆ ತಂದ.

ಒಂದು ಬೆಳಗ್ಗೆ ಕೆಂಪನಂಜನನ್ನು ಅವನ ಮಗಳು ಸುನಂದ ಕೈಹಿಡಿದು ಕರೆತಂದಳು. ಪಾರ್ಕಿನ್ಸನ್ ಕಾಯಿಲೆ. ಬಲಗೈ ತೊಡೆಯ ಮೇಲೆ ಸುಮ್ಮನಿದ್ದರೂ ನಡುಗುತ್ತಿತ್ತು, ಹೆಗಲು ಬಿಗಿದುಕೊಂಡಿತ್ತು. ಉಸ್ತಾದ ತನಗೆ ಗೊತ್ತಿದ್ದದ್ದನ್ನೇ ಮಾಡಿದ. ಪೈಲ್ವಾನನ ಮೈಯಲ್ಲವೇ ಎಂದು ಮಂಡಿಯೂರಿ ಅಮುಕಿದ. ಕೆಂಪನಂಜ ಹಲ್ಲು ಕಚ್ಚಿ ಸಹಿಸಿದ. ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲವಂತೆ.

ಸುನಂದ ಬಂದು ದಬಾಯಿಸಿದಳು. "ಕುಸ್ತಿಗೆ ಬಿಡಕ್ಕಾ ಮಾವ ನಮ್ಮಪ್ಪನ್ನ ಕರ್ಕಂಡ್ ಬಂದಿದ್ದು? ಮೆತ್ತಗೆ ನೀವಬೇಕು ಅಂದವ್ರೆ ಡಾಕ್ಟ್ರು. ಮಾತ್ರೆ ಯಾವತ್ತೂ ತಪ್ಪಂಗಿಲ್ಲ. ಇದ್ರಿಂದ ಕಾಯ್ಲೆ ಹೋಗಲ್ಲ, ಬಿಗಿ ಒಸಿ ಸಡ್ಲ ಆಯ್ತದೆ, ಅಷ್ಟೆ."

"ಅಷ್ಟೇ ಸಾಕು ಕಣವ್ವ," ಎಂದ ಉಸ್ತಾದ. ಅವನ ಮುಖ ಇಳಿದುಹೋಗಿತ್ತು.

ಎಪ್ಪತ್ತು ದಾಟಿದ ಮೇಲೆ ಅವನು ಮೆತ್ತಗೆ ಮುಟ್ಟುವುದನ್ನು ಕಲಿತ. ಹೆಗಲು ಹಗುರಾದ ದಿನ ಕೆಂಪನಂಜ ಅಲ್ಲೇ ಗೊರಕೆ ಹೊಡೆಯುತ್ತಿದ್ದ. ಎದ್ದು ಅಂಗಿ ತೊಡುವಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ಬಾಯಿ ಬಿಟ್ಟ. "ನಾಳಿಂದ ಬರಕಿಲ್ಲ ಕಣ್ಲಾ. ಬರೀ ಮಾಡಿಸ್ಕಂಡು ಹೋಗಕ್ಕೆ ನಾಚ್ಕೆ ಆಯ್ತದೆ. ನನ್ ಸರದಿ ಹಂಗೇ ಉಳ್ಕಂಡದೆ."

ಉಸ್ತಾದ ತನ್ನ ಅಂಗಿ ಬಿಚ್ಚಿ, ಅವನಿಗೆ ಬೆನ್ನು ಮಾಡಿ ಕುಳಿತು, ನನ್ನನ್ನು ಹಿಂದಕ್ಕೆ ತಳ್ಳಿದ.

ಕೆಂಪನಂಜ ಎತ್ತಿದ. ಅವನ ಕೈಯಲ್ಲಿ ಗಡಗಡ ನಡುಗಿ ಎಣ್ಣೆಯೆಲ್ಲ ಚೆಲ್ಲಿ ಬಿದ್ದೆ, ಅಂಚು ನೆಗ್ಗಿತು. ಇಬ್ಬರೂ ನನ್ನತ್ತ ನೋಡಲಿಲ್ಲ. ಎಣ್ಣೆಯಾದ ಅಂಗೈ ಗೆಳೆಯನ ಬೆನ್ನ ಮೇಲೆ ಊರಿತ್ತು. ಒತ್ತುವಾಗ ನಡುಕ ತುಸು ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಶುರು.

"ನೋಯ್ತದೇನ್ಲಾ?"

"ಇನ್ನೊಸಿ ಜೋರಾಗಿ ಒತ್ತಲಾ," ಎಂದ ಉಸ್ತಾದ.

ಈಗ ನಾನು ಗೋಡೆಯ ಗೂಡಿನಲ್ಲಿ ಸೊಟ್ಟಗೆ ಕುಳಿತಿರುತ್ತೇನೆ. ಕಾಯಿಲೆ ಹೋಗಿಲ್ಲ. ಉಸ್ತಾದನ ತೋಳೂ ಸೋತಿದೆ. ದಿನ ಬಿಟ್ಟು ದಿನ ನನ್ನನ್ನು ಇಳಿಸಿ, ಚೆಲ್ಲದಿರಲೆಂದು ಅರ್ಧ ಮಾತ್ರ ತುಂಬುತ್ತಾರೆ. ಕೆಂಪನಂಜ ಸರದಿ ತೀರಿಸಿಯೇ ಅಂಗಿ ತೊಡುತ್ತಾನೆ. ಗುಂಡಿಗಳನ್ನು ಉಸ್ತಾದ ಹಾಕುತ್ತಾನೆ; ಆ ಕೆಲಸಕ್ಕೆ ಮಾತ್ರ ಇಬ್ಬರೂ ಸರದಿಯ ಮಾತೆತ್ತುವುದಿಲ್ಲ.