ಆರ್ಲಿಸ್‌ಳ ಹಾಲುಗಿಡಗಳು

ಗ್ವೆನ್ ಮೂವತ್ತನೆಯ ಹ್ಯಾಮ್ ಸ್ಯಾಂಡ್‌ವಿಚ್ ಕೊಯ್ಯುತ್ತಿದ್ದಾಗ ಗಂಡ ರಾಯ್ಸ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ತಲೆಹಾಕಿದ. ಅವನ ತಾಯಿ ಆರ್ಲಿಸ್‌ಳನ್ನು ಮಣ್ಣುಮಾಡಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ.

"ಮೂರಕ್ಕೆ ವರ್ನ್ ಹುಲ್ಲು ಕೊಚ್ಚೋ ಯಂತ್ರ ತರ್ತಾನೆ. ಅಮ್ಮನ ಹಿತ್ತಲು ಪೂರ್ತಿ ಬೋಳಿಸಿಬಿಡ್ತಾನೆ."

"ಇವತ್ತೇನಾ?"

"ಶನಿವಾರ ಮನೆ ಕೊಳ್ಳೋರು ನೋಡೋಕೆ ಬರ್ತಾರೆ. ನಾಳೆಯಿಂದ ವರ್ನ್‌ಗೆ ಹೊಲದಲ್ಲಿ ಕೊಯ್ಲು. ಎರಡು ವಾರ ಕೈಗೆ ಸಿಗಲ್ಲ."

"ಹಾಲುಗಿಡದ ತುಂಬ ಹುಳ ಇದೆ ರಾಯ್ಸ್. ಮೆಕ್ಸಿಕೋಗೆ ಹಾರೋ ಮೊನಾರ್ಕ್ ಚಿಟ್ಟೆ ಆಗೋದು ಇವೇ. ಹನ್ನೆರಡು ದಿನ ಕೊಟ್ರೆ ಗೂಡು ಕಟ್ಟೋಕೆ ಬೇಲಿ ಕಡೆ ಹೋಗ್ತವೆ."

"ಚಿಕ್ಕಂದಿನಿಂದ ಆ ಕಳೆ ಜೊತೆ ಬಾಳಿದೀನಿ. ಸಾಕು."

ಅವನು ಹೋದ ಮೇಲೆ, ಕಾಫಿ ಸೋಸುತ್ತಿದ್ದ ಪಕ್ಕದ ಮನೆಯ ಡೆಲೋರಿಸ್ ನಿಟ್ಟುಸಿರಿಟ್ಟಳು.

"ಶಾಲೇಲಿ ಇವನನ್ನ 'ಕಳೆ ಮನೆ' ಅಂತ ರೇಗಿಸ್ತಿದ್ರು, ಆ ಸಿಟ್ಟು ಇನ್ನೂ ಇದೆ. ನೀನಾದ್ರೂ ಮರುಗ್ತೀಯಲ್ಲ. ನೀನು ತಂದ ಆ ಕುಂಡಗಳ ಸಂಕಟಕ್ಕೆ ತಾನೆ?"

"ಯಾವ ಸಂಕಟ?"

"ಅಯ್ಯೋ, ನಿನಗೆ ಗೊತ್ತಿಲ್ವಾ?" ಡೆಲೋರಿಸ್ ನಾಲಿಗೆ ಕಚ್ಚಿಕೊಂಡಳು. "ನೀನು ತಂದ ಗಿಡಕ್ಕೆ ಅಂಗಡಿಯವರು ಔಷಧಿ ಹೊಡೆದಿದ್ರು ಕಣೇ. ತಿಂದ ಹುಳ ಎಲ್ಲ ಸತ್ತವು. ಆರ್ಲಿಸ್ ಗಿಡಗಳನ್ನ ಬೇರುಸಮೇತ ಕಿತ್ತು ನನ್ನ ಕಸದ ಡಬ್ಬಿಗೆ ಹಾಕಿದ್ಲು, ಸೊಸೆ ಕಣ್ಣಿಗೆ ಬೀಳಬಾರದು ಅಂತ."

* * *

ಹೋದ ಬೇಸಿಗೆ ಅತ್ತೆಯ ಹುಟ್ಟುಹಬ್ಬಕ್ಕೆ ಗ್ವೆನ್ ಆರು ಕುಂಡ ಹಾಲುಗಿಡ ಒಯ್ದಿದ್ದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಆರ್ಲಿಸ್ ಅವಳನ್ನು ಅಪ್ಪಿಕೊಂಡದ್ದು ಅದೇ ಮೊದಲು. ಮರುವಾರ ಹೋದರೆ ಹೊಸ ಗಿಡಗಳ ಜಾಗ ಬರಿದಾಗಿತ್ತು.

"ಅಯೋವಾದ ಬಿಸಿಲು ನೋಡು, ಬಾಡಿಹೋದ್ವು," ಎಂದಳು ಅತ್ತೆ. ಹಳೆಯ ಗಿಡದ ಎಲೆಯೊಂದನ್ನು ಮಗುಚಿ, ಅಡಿಗಂಟಿದ್ದ ಸಾಸಿವೆಗಿಂತ ಚಿಕ್ಕ ಮೊಟ್ಟೆ ತೋರಿಸಿದಳು. "ಈ ಹುಳ ಬೇರೆ ಎಲೆ ಮುಟ್ಟಲ್ಲ. ಇದಿಲ್ಲದಿದ್ರೆ ಉಪವಾಸ ಸಾಯತ್ತೆ."

ಅಂದು ಅವಳ ಕಣ್ಣು ಕೆಂಪಾಗಿತ್ತು. ನಿದ್ದೆ ಕೆಟ್ಟಿರಬೇಕೆಂದುಕೊಂಡು ಗ್ವೆನ್ ಕಾರಣ ಕೇಳಲಿಲ್ಲ.

* * *

ಎರಡೂವರೆಗೆ, ಐಸ್ ತರುತ್ತೇನೆಂದು ಗ್ವೆನ್ ಹೊರಟಳು. ಅತ್ತೆಯ ಹಿತ್ತಲಿಗೆ ಯಂತ್ರ ಹೋಗಲು ಗ್ಯಾರೇಜಿನ ಪಕ್ಕದ ಓಣಿಯೊಂದೇ ದಾರಿ. ಕನ್ನಡಿಗಳು ಎರಡೂ ಗೋಡೆಗೆ ಉಜ್ಜುವವರೆಗೆ ಕಾರನ್ನು ಅದರೊಳಗೆ ನುಗ್ಗಿಸಿ, ಹಿಂಬದಿಯ ಡಿಕ್ಕಿ ಬಾಗಿಲಿನಿಂದ ನುಸುಳಿ ಇಳಿದು, ಕರಿ ಬೂಟಿನಲ್ಲಿ ನಾಲ್ಕು ಬೀದಿ ನಡೆದು ಚರ್ಚಿಗೆ ವಾಪಸ್ಸು ಬಂದಳು. ಐಸ್ ತಂದಿರಲಿಲ್ಲ. ಯಾರೂ ಕೇಳಲಿಲ್ಲ.

ಮೂರೂಕಾಲಿಗೆ ರಾಯ್ಸ್ ಫೋನ್ ಹಿಡಿದು ಬಂದ. "ವರ್ನ್ ಹೇಳ್ತಿದಾನೆ, ನಿನ್ನ ಕಾರು ಓಣೀಲಿ ಸಿಕ್ಕಿಕೊಂಡಿದೆಯಂತೆ! ಅಲ್ಲೇನು ಕೆಲಸ ನಿನಗೆ?"

"ಅತ್ತೆ ಮನೇಲಿ ಐಸ್ ಇರುತ್ತೆ ಅಂತ ಹೋದೆ. ಆಮೇಲೆ ಸ್ಟಾರ್ಟೇ ಆಗ್ಲಿಲ್ಲ."

"ಕೀ ಕೊಡು."

"ಎಲ್ಲೋ ಬಿತ್ತು. ಹುಡುಕ್ತಿದೀನಿ."

ಅವನು ಅವಳ ಮುಖವನ್ನೇ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು: "ರಾಯ್ಸ್, ಪಾದ್ರಿಗಳು ಹೊರಡ್ತಿದಾರೆ ಕಣೋ!"

"ಸಂಜೆಯೊಳಗೆ ಸಿಗಬೇಕು," ಎಂದು ಹೇಳಿ ಹೋದ.

ಡೆಲೋರಿಸ್ ಬೆನ್ನು ತಿರುಗಿಸಿ ತಟ್ಟೆ ತೊಳೆಯುತ್ತಿದ್ದಳು. ಗ್ವೆನ್ ಏಪ್ರನ್ ಜೇಬಿಗೆ ಕೈಹಾಕಿ ಕಾರಿನ ಕೀ ತೆಗೆದಳು. ಕಸದ ಡಬ್ಬಿಯಲ್ಲಿ ಇನ್ನೂ ಹಬೆಯಾಡುತ್ತಿದ್ದ ಕಾಫಿ ಚರಟದೊಳಗೆ ಅದನ್ನು ಹೆಬ್ಬೆರಳಿನಿಂದ ಒತ್ತಿದಳು, ಕಾಣದಾಗುವವರೆಗೆ. ಬಳಿಕ ಬೆರಳು ಒರೆಸಿಕೊಂಡು ಮುಂದಿನ ಬ್ರೆಡ್ ಪೊಟ್ಟಣ ಬಿಚ್ಚಿದಳು.