ಕಿರುಬೆರಳಿನ ನೀಲಿ

ನಾಲ್ಕು ದಿನ ಎರಡೂ ಕಡೆಯ ಸೈನಿಕರು ಗುಂಡು ಹಾರಿಸಿಕೊಂಡ ಮೇಲೆ, ಚಮನ್ ಗಡಿಯ ಬಾಗಿಲು ಆವತ್ತು ಮಧ್ಯಾಹ್ನದವರೆಗೆ ಮಾತ್ರ ತೆರೆದಿತ್ತು. ಅಫ್ಘಾನಿಸ್ತಾನಕ್ಕೆ ವಾಪಸು ಹೊರಟ ಕುಟುಂಬಗಳು ಸಾಲುಗಟ್ಟಿದ್ದವು. ಪಾಕಿಸ್ತಾನದ ಕಡೆ ಪೋಲಿಯೊ ಹನಿ ಹಾಕುವವಳು ನಾನು. ಎರಡು ಸರ್ಕಾರಗಳೂ ಜಗಳವಾಡದೆ ಪಾಲಿಸುತ್ತಿದ್ದ ನಿಯಮ ಅದೊಂದೇ: ಹನಿ ಹಾಕಿ ಕಿರುಬೆರಳಿಗೆ ಶಾಯಿ ಹಚ್ಚದ ಮಗು ಗೆರೆ ದಾಟುವಂತಿಲ್ಲ. ಗುರುತಿದ್ದವರನ್ನು ಈ ಕಡೆ ನಾನು, ಆ ಕಡೆ ಅವರು ಸುಮ್ಮನೆ ಬಿಡುತ್ತಿದ್ದೆವು.

ಬಖ್ತಾವರ ಎಂಬಾಕೆಯ ಕೂಸಿನ ಬೆರಳೂ ನೀಲಿಯಾಗಿತ್ತು. "ಹೋಗಮ್ಮ" ಎನ್ನುವಷ್ಟರಲ್ಲಿ ಕೂಸು ಬೆರಳು ಚೀಪಿತು. ತುಟಿ ನೀಲಿಯಾಯಿತು. ನಮ್ಮ ಶಾಯಿ ವಾರವಾದರೂ ಹೋಗುವಂಥದ್ದಲ್ಲ.

"ಯಾರೇ ಹಚ್ಚಿದ್ದು?"

"ನಾನೇ, ಖಾಲಾ. ಪೆನ್ನಿನ ಶಾಯಿ. ಇಲ್ಲಿ ಎಲ್ಲರೂ ಹಚ್ಕೊಂಡಿದ್ದಾರೆ. ನಾಲ್ಕು ದಿನ ಬಿಸಿಲಲ್ಲಿ ಬಿದ್ದಿದ್ದೀವಿ, ಹನಿಗೋಸ್ಕರ ಇನ್ನೊಂದು ಸಾಲಲ್ಲಿ ಯಾರು ನಿಲ್ತಾರೆ?"

ಅವಳು ಹೋಗುವ ಊರಲ್ಲಿ ಹೋದ ತಿಂಗಳಷ್ಟೇ ಇಬ್ಬರು ಮಕ್ಕಳ ಕಾಲು ಸ್ವಾಧೀನ ತಪ್ಪಿತ್ತು. ಹನಿ ಹಾಕೋಣವೆಂದರೆ ನನ್ನ ಪೆಟ್ಟಿಗೆಯ ಮಂಜು ಕರಗಿ, ಸೀಸೆಯ ಮೇಲಿನ ಬಿಳಿ ಚೌಕ ಕಪ್ಪಾಗಿತ್ತು. ಔಷಧ ಕೆಟ್ಟಿತೆಂದು ಅರ್ಥ.

ಗಡಿಗೆರೆಗೆ ಅಡ್ಡ ಕಟ್ಟಿದ್ದ ಸರಪಳಿಯಾಚೆ ಅಫ್ಘನ್ ಕಡೆಯ ಶೈಮಾ ಕೂತಿದ್ದಳು. ಅವಳದೂ ಇದೇ ಕೆಲಸ.

"ನಿನ್ನ ಪೆಟ್ಟಿಗೆ ತಣ್ಣಗಿದೆಯೇನೇ?" ಎಂದು ಕೂಗಿದೆ.

"ಈ ಗಡೀಲಿ ತಣ್ಣಗಿರೋದು ಅದೊಂದೇ ಅಕ್ಕ! ಬೇಕಾ?"

ನಮ್ಮ ಸೈನಿಕ ತೈಮೂರ್ ಅಡ್ಡ ನಿಂತ. "ಆ ಕಡೆ ಪೆಟ್ಟಿಗೆ ಈ ಕಡೆ ಬರೋ ಹಾಗಿಲ್ಲ. ಮೊನ್ನೆ ಅವರ ಗುಂಡಿಗೆ ನನ್ನ ಜೊತೆಗಾರ ಹೋದ, ಖಾಲಾ."

ನಾನು ಕೂಸನ್ನು ಎತ್ತಿ ಅವನ ಮುಂದೆ ಹಿಡಿದೆ. ಅವನು ಕೂಸಿನ ತುಟಿಯನ್ನೇ ನೋಡುತ್ತ ನಿಂತ. ಆಮೇಲೆ ಬಂದೂಕನ್ನು ಬೆನ್ನಿಗೆ ಸರಿಸಿ, ಸರಪಳಿಯನ್ನು ಕೆಳಕ್ಕೆ ಒತ್ತಿ ಹಿಡಿದ.

"ಪೆಟ್ಟಿಗೆ ಬರಬಾರದು. ಮಗು ತಲೆ ಅತ್ತ ಬಾಗಿದ್ರೆ ನಾನೇನ್ ಮಾಡ್ಲಿ?"

ಕೂಸನ್ನು ಬಾಗಿಸಿದೆ. ಶೈಮಾ ಕೆನ್ನೆ ಒತ್ತಿ ಎರಡು ಹನಿ ಬಿಟ್ಟಳು. ಹಿಂದಿದ್ದ ಮಕ್ಕಳೂ ಒಬ್ಬೊಬ್ಬರಾಗಿ ಸರಪಳಿಯ ಮೇಲೆ ಬಾಗಿದರು. ತೈಮೂರ್ ಸರಪಳಿ ಬಿಡಲಿಲ್ಲ.

ಬಾಗಿಲು ಮುಚ್ಚುವಾಗ ಶೈಮಾ ಕೇಳಿದಳು, "ಬೆಳಿಗ್ಗೆ ಗುರುತು ನೋಡಿ ಬಿಟ್ರಲ್ಲ, ಅವರದೂ ಪೆನ್ನಿನ ಶಾಯಿಯೇ ಇರಬಹುದು. ಆ ಮಕ್ಕಳ ಹೆಸರು ಹೇಳಿ ಅಕ್ಕ. ಹುಡುಕ್ತೀನಿ."

ಗುರುತಿದ್ದವರ ಹೆಸರು ನಾವು ಬರೆಯುವುದಿಲ್ಲ. ಮೂವತ್ತೋ ನಲವತ್ತೋ ಮಕ್ಕಳು ಲಾರಿ ಹತ್ತಿ ಹೋಗಿಯಾಗಿತ್ತು.

"ಒಂದು ಹುಡುಗಿ ಹಸಿರು ಶಾಲು ಹೊದ್ದಿತ್ತು," ಎಂದೆ. "ಒಂದು ಲಾರೀಲಿ ಕುಂಟು ಮೇಕೆ ಇತ್ತು."

ಶೈಮಾ ಅದನ್ನೇ ಬರೆದುಕೊಂಡಳು.